ರೆಡಿಂಗ್ ಪಟ್ಟಣದ ಕೌನ್ಸಿಲ್ ಚುನಾವಣೆ: ಭಾರತದ ಪಾಸ್‌ಪೋರ್ಟ್ ಇರುವ ಮಗಳಿಗೂ ಮತದ ಹಕ್ಕಿದೆಯೇ?

ಪ್ರಶ್ನೆ — ನಿವೃತ್ತ ಶಿಕ್ಷಕಿ, ಸರಸ್ವತಿಪುರಂ, ಮೈಸೂರು. ಏಪ್ರಿಲ್ 10, 2024

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಲಂಡನ್ನಿನ ಪಶ್ಚಿಮಕ್ಕೆ, ಥೇಮ್ಸ್ ನದಿಯ ದಡದಲ್ಲಿರುವ ಊರು ಅದು. ಅವಳದು ಕೆಲಸದ ವೀಸಾ, ಬಾಡಿಗೆ ಮನೆ. ಪಾಸ್‌ಪೋರ್ಟ್ ನಮ್ಮ ಭಾರತದ್ದೇ. ಯುಗಾದಿಯ ದಿನ ಫೋನಿನಲ್ಲಿ ಮಾತನಾಡುವಾಗ, ಮೇ 2ರಂದು ಅಲ್ಲಿ ನಡೆಯಲಿರುವ ಕೌನ್ಸಿಲ್ ಚುನಾವಣೆಗೆ ತನ್ನ ಹೆಸರಿಗೆ ಪೋಲ್ ಕಾರ್ಡ್ ಬಂದಿದೆ ಎಂದು ಹೇಳಿ ಅದರ ಚಿತ್ರವನ್ನೂ ಕಳಿಸಿದಳು. ಹೆಸರು, ವಿಳಾಸ, ಮತದಾರರ ಪಟ್ಟಿಯ ಸಂಖ್ಯೆ, ಮತಗಟ್ಟೆಯ ಜಾಗ ಎಲ್ಲವೂ ಅದರಲ್ಲಿ ಸರಿಯಾಗಿಯೇ ಇವೆ.

ನಾನು ಸೇವೆಯಲ್ಲಿದ್ದಾಗ ಅನೇಕ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವಳು. ಮಸ್ಟರಿಂಗ್ ಕೇಂದ್ರದಲ್ಲಿ ಸಾಮಗ್ರಿ ಎಣಿಸಿಕೊಂಡು ಬಸ್ಸು ಹತ್ತುವುದರಿಂದ ಹಿಡಿದು ಮರುದಿನ ಡಿಮಸ್ಟರಿಂಗ್ ಮುಗಿಸಿ ಮನೆ ಸೇರುವವರೆಗಿನ ಎಲ್ಲ ಕ್ರಮವೂ ನನಗೆ ಗೊತ್ತು. ನಮ್ಮಲ್ಲಿ ಮತದಾರನಾಗಲು ಮೊದಲ ಅರ್ಹತೆಯೇ ಭಾರತದ ಪೌರತ್ವ. ಹೀಗಿರುವಾಗ ಬೇರೆ ದೇಶದ ಪ್ರಜೆಗೆ ಅಲ್ಲಿ ಮತದ ಹಕ್ಕು ಹೇಗೆ ಬಂತು ಎಂಬುದು ನನಗೆ ತಿಳಿಯುತ್ತಿಲ್ಲ. ಅಲ್ಲಿ ಮತ ಹಾಕಿದರೆ ಅವಳ ಭಾರತೀಯ ಪೌರತ್ವಕ್ಕಾಗಲಿ ವೀಸಾಕ್ಕಾಗಲಿ ತೊಂದರೆಯಾದೀತೇ? ಅವಳ ವಾರ್ಡಿಗೆ ಮೂವರು ಸದಸ್ಯರಿದ್ದಾರಂತೆ, ಆದರೆ ಈ ಸಲ ಒಬ್ಬರನ್ನು ಮಾತ್ರ ಆರಿಸಬೇಕಂತೆ. ಅದು ಯಾವ ಲೆಕ್ಕ? ಜೊತೆಗೆ ಇನ್ನೊಂದು ತೊಡಕಿದೆ. ನನ್ನ ತಂಗಿಯ ಮಗನ ಮದುವೆಗೆಂದು ಅವಳು ಈ ತಿಂಗಳ ಕೊನೆಯ ವಾರ ಮೈಸೂರಿಗೆ ಬರುತ್ತಾಳೆ, ಮೇ 2ರ ಹೊತ್ತಿಗೆ ಅಲ್ಲಿರುವುದಿಲ್ಲ.

ಇದನ್ನು ಕೇಳಲು ಇನ್ನೊಂದು ಕಾರಣವೂ ಇದೆ. 26ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ. ಆದರೆ ನಮ್ಮ ಬೀದಿಯ ಚರಂಡಿ ಕಟ್ಟಿಕೊಂಡರೆ ಯಾರಿಗೆ ಹೇಳಬೇಕು ಎಂದರೆ ಈಗ ವಾರ್ಡಿನ ಸದಸ್ಯರೇ ಇಲ್ಲ. ಪಾಲಿಕೆಯ ಅವಧಿ ಕಳೆದ ನವೆಂಬರ್‌ನಲ್ಲೇ ಮುಗಿದಿದೆ. ಮಗಳಿಗೆ ಪರದೇಶದಲ್ಲಿ ಸಿಗುವ ಪುರಪಿತೃ ನನಗೆ ನನ್ನ ಊರಿನಲ್ಲಿ ಇಲ್ಲವಲ್ಲ ಎಂಬ ಕೊರಗು ಮನಸ್ಸಿನಲ್ಲಿದೆ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ — ಕುವೆಂಪುನಗರ, ಮೈಸೂರು

ಮೇಡಮ್ ಅವರಿಗೆ ನಮಸ್ಕಾರ. ನಾನು ಬಹಳ ವರ್ಷ ರೆಡಿಂಗ್‌ನಲ್ಲಿಯೇ ಇದ್ದು ಊರಿಗೆ ಮರಳಿದವನು. ಅಲ್ಲಿದ್ದಷ್ಟು ಕಾಲವೂ ಭಾರತದ ಪಾಸ್‌ಪೋರ್ಟನ್ನೇ ಇಟ್ಟುಕೊಂಡು ಪ್ರತಿ ಚುನಾವಣೆಯಲ್ಲೂ ಮತ ಹಾಕಿದ್ದೇನೆ. ನಿಮ್ಮ ಮಗಳಿಗೆ ಬಂದಿರುವ ಕಾರ್ಡು ಕ್ರಮಬದ್ಧವಾದುದು. ನೀವು ಆತಂಕಪಡುವ ಅಗತ್ಯವಿಲ್ಲ.

ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿನಲ್ಲಿ ಕಾನೂನುಬದ್ಧ ವೀಸಾದ ಮೇಲೆ ವಾಸವಾಗಿದ್ದು, ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿ, 18 ವರ್ಷ ತುಂಬಿದ್ದರೆ, ಇಂಗ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ಮಾತ್ರವಲ್ಲದೆ ಪಾರ್ಲಿಮೆಂಟಿನ ಚುನಾವಣೆಯಲ್ಲೂ ಮತ ಹಾಕಬಹುದು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ನೈಜೀರಿಯಾ ಮೊದಲಾದ ದೇಶಗಳವರೆಲ್ಲ ಇದರಲ್ಲಿ ಸೇರುತ್ತಾರೆ. ವಿದ್ಯಾರ್ಥಿ ವೀಸಾದವರಿಗೂ ಈ ಹಕ್ಕಿದೆ. ಅದೇ ಬೀದಿಯಲ್ಲಿ ದೀರ್ಘಕಾಲದಿಂದ ನೆಲೆಸಿರುವ ಅಮೆರಿಕದ ಪ್ರಜೆಗೆ ಇಲ್ಲ, ಏಕೆಂದರೆ ಅಮೆರಿಕ ಕಾಮನ್‌ವೆಲ್ತಿನಲ್ಲಿಲ್ಲ. ಸಾಮ್ರಾಜ್ಯದ ಕಾಲದಲ್ಲಿ ಎಲ್ಲರೂ ಒಂದೇ ಅರಸೊತ್ತಿಗೆಯ ಪ್ರಜೆಗಳೆಂಬ ಭಾವನೆಯಿಂದ ಹುಟ್ಟಿದ ಹಕ್ಕು, ಸಾಮ್ರಾಜ್ಯ ಹೋದ ಮೇಲೂ ಉಳಿದುಕೊಂಡಿದೆ. ಅಭ್ಯರ್ಥಿಯಾಗಿ ನಿಲ್ಲಲು ಮಾತ್ರ ಅಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ ಇರಬೇಕು. ಕೆಲಸದ ವೀಸಾ ಸಾಲದು.

ನಮ್ಮ 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದರೆ ಭಾರತದ ಪೌರತ್ವ ಹೋಗುತ್ತದೆ. ಮತ ಹಾಕುವುದು ಪೌರತ್ವ ಪಡೆಯುವುದಲ್ಲ. ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ. ಇಷ್ಟೇ ಅಲ್ಲ, ಹೆಸರು ನೋಂದಣಿಯ ವಿಚಾರವಾಗಿ ಕೌನ್ಸಿಲ್ ಪತ್ರ ಬರೆದರೆ ಅದಕ್ಕೆ ಉತ್ತರಿಸುವುದು ಅಲ್ಲಿ ಕಾನೂನಿನ ಕರ್ತವ್ಯ.

ಇನ್ನು ಮೂವರು ಸದಸ್ಯರ ವಿಚಾರ. ರೆಡಿಂಗ್ ಬರೋ ಕೌನ್ಸಿಲ್‌ನಲ್ಲಿ 16 ವಾರ್ಡುಗಳು, ವಾರ್ಡಿಗೆ ಮೂವರಂತೆ 48 ಸದಸ್ಯರು. ಒಬ್ಬೊಬ್ಬರ ಅವಧಿ ನಾಲ್ಕು ವರ್ಷ. ಆದರೆ ಮೂವರೂ ಒಟ್ಟಿಗೆ ನಿವೃತ್ತರಾಗುವುದಿಲ್ಲ. ವರ್ಷಕ್ಕೊಬ್ಬರಂತೆ ಮೂರು ವರ್ಷ ಚುನಾವಣೆ, ನಾಲ್ಕನೆಯ ವರ್ಷ ಬಿಡುವು. ನಮ್ಮ ರಾಜ್ಯಸಭೆಯಲ್ಲಿ ಮೂರನೇ ಒಂದು ಭಾಗದ ಸದಸ್ಯರು ಸರದಿಯಂತೆ ನಿವೃತ್ತರಾಗುವ ಕ್ರಮವನ್ನು ಮಕ್ಕಳಿಗೆ ನೀವು ಪಾಠ ಮಾಡಿರುತ್ತೀರಿ, ತತ್ವ ಅದೇ. 2022ರಲ್ಲಿ ವಾರ್ಡುಗಳ ಗಡಿಯನ್ನು ಹೊಸದಾಗಿ ಗುರುತಿಸಿದ್ದರಿಂದ ಆ ವರ್ಷ ಎಲ್ಲ 48 ಸ್ಥಾನಗಳಿಗೂ ಒಟ್ಟಿಗೆ ಮತದಾನವಾಯಿತು. 2023ರಲ್ಲಿ ಒಂದು ಪಾಲು, ಈಗ ಇನ್ನೊಂದು ಪಾಲು, 2025ರಲ್ಲಿ ಇಲ್ಲ, 2026ರಲ್ಲಿ ಮತ್ತೆ. ಎಲ್ಲ ಊರುಗಳಲ್ಲೂ ಹೀಗಿಲ್ಲ. ಪಕ್ಕದ ಸ್ಲೌ ಪಟ್ಟಣದಲ್ಲಿ 2023ರಿಂದ ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸ್ಥಾನಗಳಿಗೂ ಒಂದೇ ಸಲ ಚುನಾವಣೆ. ರೆಡಿಂಗ್‌ನ ಪದ್ಧತಿಯೇ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಆಳುವ ಪಕ್ಷ ಹೆಚ್ಚುಕಡಿಮೆ ಪ್ರತಿ ವಸಂತಕ್ಕೂ ಜನರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕಾಗುತ್ತದೆ.

ನೀವು ಮತಗಟ್ಟೆಯ ಕೆಲಸ ಬಲ್ಲವರಾದ್ದರಿಂದ ಅಲ್ಲಿನ ಮತಗಟ್ಟೆಯನ್ನು ಸ್ವಲ್ಪ ವಿವರಿಸುತ್ತೇನೆ. ಚರ್ಚಿನ ಸಭಾಂಗಣದಲ್ಲೋ ಶಾಲೆಯ ಕೊಠಡಿಯಲ್ಲೋ ಸಮುದಾಯ ಭವನದಲ್ಲೋ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಮತದಾನ. ಅಂದು ಗುರುವಾರ, ರಜೆಯಿಲ್ಲ. ಜನ ಕೆಲಸಕ್ಕೆ ಹೋಗುವ ಮುಂಚೆಯೋ ಬಂದ ಮೇಲೋ ಮತ ಹಾಕುತ್ತಾರೆ. ಮತಯಂತ್ರವಿಲ್ಲ, ಬೆರಳಿಗೆ ಶಾಯಿಯಿಲ್ಲ. ಒಳಗೆ ಮೇಜಿನ ಹಿಂದೆ ಮತಗಟ್ಟೆಯ ಅಧಿಕಾರಿಯೂ ಒಬ್ಬಿಬ್ಬರು ಗುಮಾಸ್ತರೂ ಕುಳಿತಿರುತ್ತಾರೆ. ಅವರು ಹೆಸರು ಕೇಳಿ, ಗುರುತಿನ ಚೀಟಿ ನೋಡಿ, ಪಟ್ಟಿಯಲ್ಲಿ ಅಡಿಗೆರೆ ಎಳೆದು ಮತಪತ್ರ ಕೊಡುತ್ತಾರೆ. ಪ್ರತಿ ಮತಪತ್ರಕ್ಕೂ ಸಂಖ್ಯೆಯಿರುತ್ತದೆ. ಯಾವ ಸಂಖ್ಯೆಯ ಪತ್ರ ಯಾವ ಮತದಾರರಿಗೆ ಹೋಯಿತೆಂದು ಬೇರೊಂದು ಪಟ್ಟಿಯಲ್ಲಿ ಬರೆದುಕೊಳ್ಳುತ್ತಾರೆ. ಆ ಪಟ್ಟಿ ಮೊಹರಾಗಿಯೇ ಉಳಿಯುತ್ತದೆ, ನ್ಯಾಯಾಲಯದ ಆದೇಶವಿಲ್ಲದೆ ಯಾರೂ ಬಿಚ್ಚುವಂತಿಲ್ಲ. ಮೂರು ಕಡೆ ಮರೆಯಿರುವ ಕಟ್ಟೆಯಲ್ಲಿ ದಾರಕ್ಕೆ ಕಟ್ಟಿದ ಪೆನ್ಸಿಲಿನಿಂದ ಅಭ್ಯರ್ಥಿಯ ಹೆಸರಿನ ಮುಂದೆ ಕತ್ತರಿ ಗುರುತು ಹಾಕಿ, ಮಡಿಸಿ, ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಪೆನ್ಸಿಲ್ ಬೇಡವೆನ್ನುವವರು ತಮ್ಮ ಪೆನ್ನನ್ನೇ ಬಳಸಬಹುದು.

ಬಾಗಿಲ ಹೊರಗೆ ಪಕ್ಷದ ಬಣ್ಣದ ರಿಬ್ಬನ್ ಹೂವನ್ನು ಎದೆಗೆ ಸಿಕ್ಕಿಸಿಕೊಂಡ ಒಬ್ಬಿಬ್ಬರು ಕುಳಿತು, ಮತ ಹಾಕಿ ಬಂದವರ ಪಟ್ಟಿಯ ಸಂಖ್ಯೆಯನ್ನು ಕೇಳುತ್ತಾರೆ. ತಮ್ಮ ಬೆಂಬಲಿಗರಲ್ಲಿ ಇನ್ನೂ ಯಾರು ಬಂದಿಲ್ಲವೆಂದು ತಿಳಿದು ಸಂಜೆ ಅವರ ಮನೆಗೆ ಹೋಗಿ ನೆನಪಿಸಲು ಈ ಏರ್ಪಾಡು. ಹೇಳಲೇಬೇಕೆಂಬ ಕಡ್ಡಾಯವಿಲ್ಲ; ನಿಮ್ಮ ಮಗಳು ಇಷ್ಟವಿಲ್ಲದಿದ್ದರೆ ಸುಮ್ಮನೆ ನಡೆದು ಹೋಗಬಹುದು.

ಫೋಟೋ ಇರುವ ಗುರುತಿನ ದಾಖಲೆ ತೋರಿಸಬೇಕೆಂಬ ನಿಯಮ 2022ರ ಚುನಾವಣಾ ಕಾಯ್ದೆಯಿಂದ ಬಂದು, ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಲ್ಲಿ ಮೊದಲ ಸಲ ಜಾರಿಯಾಯಿತು. ಕಾಮನ್‌ವೆಲ್ತ್ ದೇಶದ ಪಾಸ್‌ಪೋರ್ಟ್ ನಡೆಯುತ್ತದೆ, ಆದ್ದರಿಂದ ಭಾರತದ ಪಾಸ್‌ಪೋರ್ಟೇ ಸಾಕು. ಪೋಲ್ ಕಾರ್ಡ್ ಗುರುತಿನ ದಾಖಲೆಯಲ್ಲ. ಅದಿಲ್ಲದೆಯೂ ಮತ ಹಾಕಬಹುದು. ಅಂದೇ ಥೇಮ್ಸ್ ವ್ಯಾಲಿ ಪ್ರದೇಶದ ಪೊಲೀಸ್ ಕಮಿಷನರ್ ಹುದ್ದೆಗೂ ಚುನಾವಣೆ ಇರುವುದರಿಂದ ಕೈಗೆ ಎರಡು ಮತಪತ್ರ ಬರುತ್ತವೆ. ಹೌದು, ಅಲ್ಲಿ ಪೊಲೀಸರ ಮೇಲ್ವಿಚಾರಣೆಗೂ ಜನರೇ ಒಬ್ಬರನ್ನು ಆರಿಸುತ್ತಾರೆ.

ಉತ್ತರ — ವಕೀಲ, ಮಂಡ್ಯ

ಮೇಡಮ್ ಕೊನೆಯಲ್ಲಿ ಬರೆದ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಅದರ ಬಗ್ಗೆ ಬರೆಯುತ್ತೇನೆ.

ಇಂಗ್ಲೆಂಡಿನಲ್ಲಿ ಸ್ಥಳೀಯ ಚುನಾವಣೆಯ ದಿನವನ್ನು ಯಾವ ಸರ್ಕಾರವೂ ಹೊಸದಾಗಿ ಘೋಷಿಸಬೇಕಾಗಿಲ್ಲ. ಮೇ ತಿಂಗಳ ಮೊದಲ ಗುರುವಾರ ಎಂದು ಕಾನೂನಿನಲ್ಲೇ ಇದೆ. ಮುಂದೂಡಿದ ನಿದರ್ಶನಗಳೂ ಇವೆ. 2001ರಲ್ಲಿ ದನಕರುಗಳಿಗೆ ಕಾಲುಬಾಯಿ ಜ್ವರ ಹಬ್ಬಿದಾಗ ಮೇ 3ರ ಚುನಾವಣೆಯನ್ನು ಜೂನ್ 7ಕ್ಕೆ ಹಾಕಿದರು. ಕೋವಿಡ್ ಬಂದಾಗ 2020ರ ಚುನಾವಣೆಯನ್ನು ಒಂದು ವರ್ಷ ಮುಂದಕ್ಕೆ ತಳ್ಳಿದರು. ಎರಡು ಸಲವೂ ಪಾರ್ಲಿಮೆಂಟು ಕಾಯ್ದೆ ಮಾಡಬೇಕಾಯಿತು ಮತ್ತು ಮುಂದಿನ ಮತದಾನ ಯಾವಾಗ ಎಂಬುದು ಆಗಲೇ ನಿಗದಿಯಾಗಿತ್ತು.

ನಮ್ಮ ಸಂವಿಧಾನ ಈ ವಿಷಯದಲ್ಲಿ ಅವರಿಗಿಂತ ಗಟ್ಟಿಯಾಗಿದೆ ಎಂದೇ ಹೇಳಬೇಕು. 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದರಿಂದ ಸೇರಿದ 243-ಯು ವಿಧಿ, ನಗರ ಸಂಸ್ಥೆಯ ಅವಧಿ ಐದು ವರ್ಷ ಮತ್ತು ಆ ಅವಧಿ ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಮುಗಿದಿರಬೇಕು ಎಂದು ವಿಧಿಸುತ್ತದೆ. ವಾರ್ಡುಗಳ ಪುನರ್ವಿಂಗಡಣೆಯಂಥ ಕಾರಣ ಹೇಳಿ ಚುನಾವಣೆ ತಡಮಾಡಬಾರದು ಎಂದು ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2006ರಲ್ಲಿಯೇ ಹೇಳಿದೆ. ಬ್ರಿಟನ್ನಿಗೆ ಲಿಖಿತ ಸಂವಿಧಾನವೇ ಇಲ್ಲ. ಆದರೂ ಅಲ್ಲಿ ದಿನ ತಪ್ಪುವುದು ಅಪರೂಪ, ಇಲ್ಲಿ ತಪ್ಪುತ್ತದೆ. ಮೈಸೂರು ಪಾಲಿಕೆಯ 65 ವಾರ್ಡುಗಳಿಗೆ 2018ರ ಆಗಸ್ಟ್ 31ರಂದು ಮತದಾನವಾಗಿ, ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18, ಬಿಎಸ್‌ಪಿ 1, ಪಕ್ಷೇತರರು 5 ಸ್ಥಾನ ಗೆದ್ದರು. ಆ ಸಭೆಯ ಅವಧಿ ಮುಗಿದ ಮೇಲೆ ಅಧಿಕಾರವೆಲ್ಲ ಆಡಳಿತಾಧಿಕಾರಿಯ ಕೈಗೆ ಹೋಗಿದೆ. ಆ ಹುದ್ದೆಯಲ್ಲಿರುವವರು ಎಷ್ಟೇ ದಕ್ಷರಾಗಿರಲಿ, ಅವರನ್ನು ಪ್ರಶ್ನಿಸುವ ಸಭೆ ಇಲ್ಲ. ಮನೆಯ ಬೀಗದಕೈಯನ್ನು ಮನೆಯವರ ಬದಲು ಕಾವಲಿನವರಿಗೆ ಒಪ್ಪಿಸಿ ಹೋದಂತಾಗಿದೆ.

ತಡ ಏಕಾಗುತ್ತದೆ ಎಂಬುದನ್ನೂ ನೋಡಬೇಕು. ಇಂಗ್ಲೆಂಡಿನಲ್ಲಿ ವಾರ್ಡಿನ ಗಡಿ ನಿರ್ಧರಿಸುವುದು ಸರ್ಕಾರದ ಇಲಾಖೆಯಲ್ಲ, ಸ್ವತಂತ್ರವಾದ ಗಡಿ ಆಯೋಗ. ನಮ್ಮಲ್ಲಿ ಮತದಾನ ನಡೆಸುವುದು ರಾಜ್ಯ ಚುನಾವಣಾ ಆಯೋಗವಾದರೂ, ವಾರ್ಡುಗಳ ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ ರಾಜ್ಯ ಸರ್ಕಾರದಿಂದ ಬರಬೇಕು. ಆ ಪಟ್ಟಿ ತಡವಾದರೆ, ಅಥವಾ ಬಂದ ಪಟ್ಟಿಯನ್ನು ಯಾರಾದರೂ ಹೈಕೋರ್ಟಿನಲ್ಲಿ ಪ್ರಶ್ನಿಸಿದರೆ, ಆಯೋಗ ಕೈಕಟ್ಟಿ ಕೂರಬೇಕಾಗುತ್ತದೆ. 2018ರಲ್ಲಿ ನಮ್ಮ ರಾಜ್ಯದ ಅನೇಕ ನಗರಸಭೆ, ಪುರಸಭೆಗಳಿಗೆ ಗೆದ್ದವರು, ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರವರೆಗೆ ಅಧ್ಯಕ್ಷರನ್ನೇ ಆರಿಸಲಾಗದೆ ಕಾದಿದ್ದನ್ನು ನಾವೆಲ್ಲ ನೋಡಿದ್ದೇವೆ.

ಹಾಗೆಂದು ಮೀಸಲಾತಿಯೇ ತಪ್ಪೆಂದು ಯಾರೂ ಓದಿಕೊಳ್ಳಬಾರದು. ಇಂಗ್ಲೆಂಡಿನ ಕೌನ್ಸಿಲ್‌ಗಳಲ್ಲಿ ಮಹಿಳೆಯರಿಗಾಗಲಿ ಬೇರೆ ಯಾವ ವರ್ಗಕ್ಕಾಗಲಿ ಒಂದು ಸ್ಥಾನವೂ ಮೀಸಲಿಲ್ಲ. ಅಭ್ಯರ್ಥಿ ಯಾರೆಂಬುದು ಪಕ್ಷಗಳ ಮರ್ಜಿ. ಕರ್ನಾಟಕದ ನಗರ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಮನೆಯಿಂದ ಹೊರಗೆ ಮಾತನಾಡಲು ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳು ನಮ್ಮ ಮಂಡ್ಯದಂಥ ಊರಿನಲ್ಲಿ ಸಭೆಯಲ್ಲಿ ಎದ್ದು ನಿಂತು ಎಂಜಿನಿಯರನ್ನು ಪ್ರಶ್ನಿಸುವುದನ್ನು ಕಂಡವನಾಗಿ ಹೇಳುತ್ತೇನೆ, ಇದನ್ನು ನಾವು ಯಾವ ದೇಶದ ಮಾದರಿಗಾಗಿಯೂ ಬಿಟ್ಟುಕೊಡಬಾರದು. ಮೀಸಲಾತಿಯ ಸರದಿಯನ್ನು ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ಪ್ರಕಟಿಸಿ, ಆಕ್ಷೇಪಣೆ ಕೇಳಿ ಮುಗಿಸುವಂತೆ ಕಾನೂನಾಗಬೇಕು ಎಂಬುದಷ್ಟೇ ನನ್ನ ವಾದ.

ಪಕ್ಷಾಂತರದಲ್ಲಿಯೂ ವ್ಯತ್ಯಾಸವಿದೆ. ನಮ್ಮಲ್ಲಿ 1987ರ ಸ್ಥಳೀಯ ಸಂಸ್ಥೆಗಳ ಪಕ್ಷಾಂತರ ನಿಷೇಧ ಕಾಯ್ದೆಯಿದೆ. ಅಲ್ಲಿ ಗೆದ್ದ ಸದಸ್ಯ ಪಕ್ಷ ಬದಲಿಸಿದರೂ ಸ್ಥಾನ ಹೋಗುವುದಿಲ್ಲ. ಆದರೆ ಆರು ತಿಂಗಳು ಯಾವ ಸಭೆಗೂ ಬಾರದೆ, ಕೌನ್ಸಿಲ್‌ನ ಒಪ್ಪಿಗೆಯನ್ನೂ ಪಡೆಯದಿದ್ದರೆ ಸದಸ್ಯತ್ವ ತಾನಾಗಿ ರದ್ದಾಗುತ್ತದೆ. ಸ್ಥಾನ ತೆರವಾದರೆ, ಅವಧಿಯ ಕೊನೆಯ ಆರು ತಿಂಗಳಲ್ಲದಿದ್ದ ಪಕ್ಷದಲ್ಲಿ, ಇಬ್ಬರು ಮತದಾರರು ಬರೆದು ಕೇಳಿದರೆ ಸಾಕು, 35 ಕೆಲಸದ ದಿನಗಳೊಳಗೆ ಉಪಚುನಾವಣೆ ನಡೆಯಬೇಕು.

ಉತ್ತರ — ಲೆಕ್ಕಪರಿಶೋಧಕ, ವಿಜಯನಗರ, ಮೈಸೂರು

ವಕೀಲರ ಮಾತನ್ನು ಒಪ್ಪುತ್ತೇನೆ, ಆದರೆ ಇಂಗ್ಲೆಂಡಿನ ಚಿತ್ರ ಅಷ್ಟೊಂದು ಹಸನಾಗಿಲ್ಲ. ಚುನಾವಣೆ ಸಮಯಕ್ಕೆ ನಡೆದರೂ ಸಾಮಾನ್ಯವಾಗಿ ಮೂವರಲ್ಲಿ ಒಬ್ಬರ ಆಸುಪಾಸಿನಷ್ಟು ಮತದಾರರು ಮಾತ್ರ ಬರುತ್ತಾರೆ. ಗೆದ್ದವರ ಕೈಯಲ್ಲಿ ಹಣವೂ ಕಡಿಮೆ. ರೆಡಿಂಗ್‌ನಂಥ ಏಕಹಂತದ ಕೌನ್ಸಿಲ್, ಅಂದರೆ ಊರಿನ ಎಲ್ಲ ಸ್ಥಳೀಯ ಕೆಲಸಕ್ಕೂ ಇರುವ ಒಂದೇ ಸಂಸ್ಥೆ, ರಸ್ತೆ, ಬೀದಿದೀಪ, ಕಸ, ಗ್ರಂಥಾಲಯ, ಕಟ್ಟಡ ಪರವಾನಗಿ, ಬಡವರ ಬಾಡಿಗೆ ಮನೆಗಳು ಇಷ್ಟನ್ನೂ ನೋಡಿಕೊಳ್ಳುತ್ತದೆ. ಆದರೆ ಬಜೆಟ್ಟಿನ ಬಹುಪಾಲು ಹೋಗುವುದು ನಮ್ಮ ಪಾಲಿಕೆಗಳಿಗೆ ಸಂಬಂಧವೇ ಇಲ್ಲದ ಕೆಲಸಕ್ಕೆ, ಅಂದರೆ ಅಶಕ್ತ ವೃದ್ಧರ, ಅಂಗವಿಕಲರ, ಆಸರೆಯಿಲ್ಲದ ಮಕ್ಕಳ ಆರೈಕೆಗೆ. ಅದು ಕಾನೂನಿನ ಹೊಣೆ, ತಪ್ಪಿಸಿಕೊಳ್ಳುವಂತಿಲ್ಲ. ವೃದ್ಧರ ಸಂಖ್ಯೆ ಏರಿದಂತೆಲ್ಲ ರಸ್ತೆ ಗುಂಡಿ ಮುಚ್ಚುವ ಹಣ ಕರಗುತ್ತದೆ. ಕುಡಿಯುವ ನೀರು ಕೌನ್ಸಿಲ್‌ನದಲ್ಲ, ಖಾಸಗಿ ಕಂಪನಿಯದು. ಆಸ್ಪತ್ರೆ ರಾಷ್ಟ್ರೀಯ ಆರೋಗ್ಯ ಸೇವೆಯದು. ಆದರೆ ರೆಡಿಂಗ್‌ನ ಸಿಟಿ ಬಸ್ಸುಗಳ ಕಂಪನಿ ಕೌನ್ಸಿಲ್‌ನದೇ ಸ್ವತ್ತು. ಇಂಗ್ಲೆಂಡಿನಲ್ಲಿ ಅಂಥ ಊರುಗಳು ಕೆಲವೇ ಉಳಿದಿವೆ.

ಮೇಡಮ್ ಅವರ ಮಗಳು ಬಾಡಿಗೆ ಮನೆಯಲ್ಲಿದ್ದಾರೆ ಎಂದಿದ್ದೀರಿ. ಕೌನ್ಸಿಲ್ ತೆರಿಗೆಯನ್ನು ಕಟ್ಟಬೇಕಾದವರು ಸಾಮಾನ್ಯವಾಗಿ ಮನೆಯ ಮಾಲೀಕರಲ್ಲ, ಅಲ್ಲಿ ವಾಸವಿರುವವರು. 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಇತ್ತೆಂಬ ಅಂದಾಜಿನ ಮೇಲೆ ಮನೆಗಳನ್ನು ಎಂಟು ದರ್ಜೆಗಳಾಗಿ ವಿಂಗಡಿಸಿದ್ದಾರೆ; ಮೂವತ್ತಕ್ಕೂ ಹೆಚ್ಚು ವರ್ಷವಾದರೂ ಇಂಗ್ಲೆಂಡಿನಲ್ಲಿ ಅದನ್ನು ಪರಿಷ್ಕರಿಸಿಲ್ಲ. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ. ನಮ್ಮಲ್ಲಿ ಆಸ್ತಿ ತೆರಿಗೆ ಕಟ್ಟುವವರು ಮಾಲೀಕರಾದ್ದರಿಂದ ಬಾಡಿಗೆಯವರಿಗೆ ಪಾಲಿಕೆಯ ಬಜೆಟ್ಟು ತಮ್ಮ ವಿಷಯವೆಂದು ಅನ್ನಿಸುವುದೇ ಇಲ್ಲ. ಅಲ್ಲಿ ನಿಮ್ಮ ಮಗಳ ಖಾತೆಯಿಂದ ತಿಂಗಳು ತಿಂಗಳು ಹಣ ಹೋಗುತ್ತಿರುತ್ತದೆ. ಅದು ಯಾವುದಕ್ಕೆ ಖರ್ಚಾಗಬೇಕೆಂದು ಹೇಳುವ ಹಕ್ಕು ಅವರಿಗಿರುವುದು ನ್ಯಾಯವೇ ಆಗಿದೆ. ಒಂದು ವರ್ಷದಲ್ಲಿ ಶೇ 5 ಅಥವಾ ಅದಕ್ಕಿಂತ ಹೆಚ್ಚು ಏರಿಸಬೇಕಾದರೆ ಇಂಥ ಕೌನ್ಸಿಲ್ ಈಗ ಜನರ ಮುಂದೆ ಪ್ರತ್ಯೇಕ ಮತದಾನಕ್ಕೆ ಹೋಗಬೇಕು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ರೆಡಿಂಗ್‌ನ ಹತ್ತಿರದ ಸ್ಲೌ ಪಟ್ಟಣವೇ ನಿದರ್ಶನ. ಆದಾಯಕ್ಕಿಂತ ಖರ್ಚು ಮೀರುತ್ತದೆಂದು ಕೌನ್ಸಿಲ್‌ನ ಹಣಕಾಸು ಅಧಿಕಾರಿಗೆ ಮನವರಿಕೆಯಾದರೆ, 1988ರ ಸ್ಥಳೀಯ ಹಣಕಾಸು ಕಾಯ್ದೆಯ 114ನೇ ಕಲಮಿನಡಿ ನೋಟಿಸು ಹೊರಡಿಸಲೇಬೇಕು. ಆಗ ಕಾನೂನಿನ ಹೊಣೆಯಲ್ಲದ ಹೊಸ ಖರ್ಚೆಲ್ಲ ನಿಲ್ಲುತ್ತದೆ. ಸ್ಲೌನಲ್ಲಿ 2021ರ ಜುಲೈಯಲ್ಲಿ ಹೀಗಾಯಿತು, ಬರ್ಮಿಂಗ್‌ಹ್ಯಾಮಿನಂಥ ಮಹಾನಗರದಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಆಯಿತು. ಸ್ಲೌ ಜನ 2023ರಲ್ಲಿ ಶೇ 9.99ರಷ್ಟು ಹೆಚ್ಚು ತೆರಿಗೆ ಕಟ್ಟಬೇಕಾಗಿ ಬಂತು. ಜನರ ಮತಕ್ಕೆ ಹೋಗದೆಯೇ ಅಷ್ಟು ಏರಿಸಲು ಸರ್ಕಾರ ಅನುಮತಿ ಕೊಟ್ಟಿತ್ತು.

ಆದರೆ ವಕೀಲರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಲಂಡನ್ನಿನ ಸರ್ಕಾರ ಸ್ಲೌಗೆ ಮೇಲ್ವಿಚಾರಕರನ್ನು ಕಳಿಸಿತಾದರೂ ಚುನಾಯಿತ ಸಭೆಯನ್ನು ರದ್ದುಪಡಿಸಲಿಲ್ಲ. ಮೇಲ್ವಿಚಾರಕರು ಇದ್ದಂತೆಯೇ 2023ರ ಮೇಯಲ್ಲಿ ಚುನಾವಣೆ ನಡೆದು, ಊರನ್ನು ದಿವಾಳಿಯ ಅಂಚಿಗೆ ತಂದ ಕಾಲದಲ್ಲಿ ಆಡಳಿತ ನಡೆಸುತ್ತಿದ್ದ ಲೇಬರ್ ಪಕ್ಷ ಬಹುಮತ ಕಳೆದುಕೊಂಡಿತು. ತಪ್ಪಿಗೆ ಶಿಕ್ಷೆ ಕೊಡುವ ಅವಕಾಶ ಜನರ ಕೈಯಲ್ಲೇ ಉಳಿಯಿತು. ಆಡಳಿತಾಧಿಕಾರಿಯ ಕೈಯಲ್ಲಿರುವ ನಮ್ಮ ಊರಿನಲ್ಲಿ ನಾವು ಯಾರನ್ನು ಸೋಲಿಸಬೇಕು?

ಉತ್ತರ — ಪದವಿ ವಿದ್ಯಾರ್ಥಿ, ಮಂಡ್ಯ

ಒಂದು ಸಂದೇಹ. ಅಲ್ಲಿ ಸ್ಥಳೀಯ ಚುನಾವಣೆಯಲ್ಲಿ ನಿಲ್ಲಲು ಠೇವಣಿ ಎಷ್ಟು? ಹಣವಿಲ್ಲದವರು ನಿಲ್ಲಲು ಸಾಧ್ಯವೇ? ಮೂರನೇ ಒಂದು ಪಾಲು ಜನ ಬಂದು ಹಾಕುವ ಮತದಲ್ಲಿ ಒಬ್ಬರ ಮತಕ್ಕೆ ಬೆಲೆ ಇದೆಯೇ?

ಉತ್ತರ — ವಕೀಲ, ಮಂಡ್ಯ

ಠೇವಣಿಯೇ ಇಲ್ಲ ತಮ್ಮಾ. ಪಾರ್ಲಿಮೆಂಟಿಗೆ ನಿಲ್ಲುವವರು 500 ಪೌಂಡ್ ಇಡಬೇಕು, ಕೌನ್ಸಿಲ್‌ಗೆ ಏನೂ ಇಲ್ಲ. ಆ ಪ್ರದೇಶದ ಇಬ್ಬರು ಮತದಾರರು ಸೂಚಕರಾಗಿ, ಅನುಮೋದಕರಾಗಿ ಸಹಿ ಹಾಕಿದರೆ ಉಮೇದುವಾರಿಕೆ ಸಲ್ಲುತ್ತದೆ. ಖರ್ಚಿಗೂ ಮಿತಿಯಿದೆ. ಈಗ ಅಭ್ಯರ್ಥಿಗೆ 960 ಪೌಂಡ್, ಅದರ ಮೇಲೆ ವಾರ್ಡಿನ ಪ್ರತಿ ಮತದಾರನಿಗೆ 8 ಪೆನ್ನಿ. ಈ ಮಿತಿಯೊಳಗೆ ನಡೆಯುವ ಪ್ರಚಾರವೆಂದರೆ ಬಾಗಿಲ ಸೀಳಿನಲ್ಲಿ ಕರಪತ್ರ ತೂರಿಸುವುದು ಮತ್ತು ಬಾಗಿಲು ತಟ್ಟಿ ಮಾತನಾಡುವುದು. ಕರಪತ್ರದ ಮೇಲೆ ಮುದ್ರಕರ ಮತ್ತು ಪ್ರಚಾರಕರ ಹೆಸರು, ವಿಳಾಸ ಇರಲೇಬೇಕು. ನಮ್ಮ ಜನಪ್ರತಿನಿಧಿ ಕಾಯ್ದೆಯಲ್ಲೂ ಇಂಥದೇ ನಿಯಮವಿದೆ.

ಒಂದು ಮತದ ಬೆಲೆಗೆ 2017ರ ಮೇ ತಿಂಗಳ ನಾರ್ಥಂಬರ್‌ಲ್ಯಾಂಡ್ ಕೌಂಟಿಯ ಫಲಿತಾಂಶ ನೋಡು. ಸೌತ್ ಬ್ಲೈತ್ ವಾರ್ಡಿನಲ್ಲಿ ಲಿಬರಲ್ ಡೆಮಾಕ್ರಾಟ್ ಮತ್ತು ಕನ್ಸರ್ವೇಟಿವ್ ಅಭ್ಯರ್ಥಿಗಳಿಗೆ ಸಮನಾದ ಮತ ಬಂತು. ಮತ್ತೆ ಮತ್ತೆ ಎಣಿಸಿದರೂ ಅಷ್ಟೇ. ಆಗ ಅದೃಷ್ಟದ ಮೇಲೆ ತೀರ್ಮಾನಿಸಬೇಕೆಂಬುದು ಕಾನೂನು; ಚೀಟಿ ಎತ್ತುವ ಬದಲು ಅಲ್ಲಿ ಕಡ್ಡಿ ಎಳೆಸಿದರು. ಲಿಬರಲ್ ಡೆಮಾಕ್ರಾಟ್ ಗೆದ್ದರು. 67 ಸ್ಥಾನಗಳ ಆ ಕೌನ್ಸಿಲ್‌ನಲ್ಲಿ ಕನ್ಸರ್ವೇಟಿವ್ ಪಕ್ಷ 33ಕ್ಕೆ ನಿಂತಿತು, ಬಹುಮತಕ್ಕೆ ಒಂದೇ ಒಂದು ಸ್ಥಾನ ಕಡಿಮೆಯಾಯಿತು. ಆ ವಾರ್ಡಿನಲ್ಲಿ ಮನೆಯಲ್ಲೇ ಉಳಿದ ಯಾರಾದರೂ ಒಬ್ಬರು ಎದ್ದು ಬಂದಿದ್ದರೆ ಇಡೀ ಕೌಂಟಿಯ ಲೆಕ್ಕ ಬೇರೆಯಾಗಬಹುದಿತ್ತು.

ಪ್ರಶ್ನೆ ಕೇಳಿದವರು — ಸರಸ್ವತಿಪುರಂ, ಮೈಸೂರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟನ್ನೂ ಮಗಳಿಗೆ ಓದಿ ಹೇಳಿದೆ. ಅವಳಿರುವ ಬೀದಿಯ ಮೂಲೆಯಲ್ಲಿ ಮರಗಳನ್ನು ಕಡಿದು ಮನೆಗಳ ಸಮುಚ್ಚಯ ಕಟ್ಟಲು ಅರ್ಜಿ ಬಂದಿದೆಯಂತೆ. ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಕೌನ್ಸಿಲ್‌ನವರು ಅಲ್ಲಿನ ದೀಪದ ಕಂಬಕ್ಕೆ ನೋಟಿಸು ಕಟ್ಟಿದ್ದಾರಂತೆ. ಇದುವರೆಗೆ ಅದು ತನ್ನ ವಿಷಯವಲ್ಲವೆಂದು ಸುಮ್ಮನಿದ್ದಳು. ಈಗ ಮತ ಹಾಕಲೇಬೇಕೆಂದಿದ್ದಾಳೆ. ಆದರೆ ಅವಳ ವಿಮಾನ 22ಕ್ಕೆ, ಮರಳುವುದು ಮೇ 6ಕ್ಕೆ. ಅಂಚೆಯ ಮೂಲಕ ಮತ ಕಳಿಸಬಹುದೇ? ಇಲ್ಲಿರುವಾಗ 26ರಂದು ಮೈಸೂರಿನಲ್ಲೂ ಮತ ಹಾಕಬಹುದೇ?

ಉತ್ತರ — ಕುವೆಂಪುನಗರ, ಮೈಸೂರು

ಮೇಡಮ್, ಮೊದಲು ಇಲ್ಲಿನದು ಹೇಳುತ್ತೇನೆ. ಹೊರದೇಶದಲ್ಲಿರುವ ಭಾರತದ ಪ್ರಜೆಗಳು 6ಎ ನಮೂನೆಯಲ್ಲಿ ಅರ್ಜಿ ಹಾಕಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಕ್ಷೇತ್ರದಲ್ಲಿ ಹೆಸರು ಸೇರಿಸಿಕೊಳ್ಳಬಹುದು. ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟಿನೊಂದಿಗೆ ಖುದ್ದಾಗಿ ಬರಬೇಕು. ನಾಮಪತ್ರ ಸಲ್ಲಿಸುವ ಕೊನೆಯ ದಿನ ಏಪ್ರಿಲ್ 4 ಆಗಿತ್ತು, ಅದರ ನಂತರ ಈ ಚುನಾವಣೆಗೆ ಹೆಸರು ಸೇರಿಸಲಾಗದು. ಮೊದಲೇ ಹಾಗೆ ನೋಂದಣಿಯಾಗಿದ್ದರೆ 26ರಂದು ಇಲ್ಲಿ ಹಾಕಲಿ. ಇಲ್ಲವಾದರೆ ಈಗಲೇ ಅರ್ಜಿ ಹಾಕಿಟ್ಟರೆ ಮುಂದಿನ ಚುನಾವಣೆಗಾದರೂ ಆದೀತು.

ರೆಡಿಂಗ್‌ಗೆ ಅಂಚೆ ಮತಕ್ಕಿಂತ ಪ್ರಾಕ್ಸಿ ಮತವೇ ಸೂಕ್ತ. ಅಂಚೆ ಮತಕ್ಕೆ ಅರ್ಜಿ ಹಾಕಲು 17ರ ಸಂಜೆ 5 ಗಂಟೆ ಕೊನೆ. ಅರ್ಜಿ ಹಾಕಿದರೂ ಮತಪತ್ರದ ಲಕೋಟೆ 22ರೊಳಗೆ ಅವರ ಮನೆಗೆ ತಲುಪಿದರೆ ಮಾತ್ರ ಪ್ರಯೋಜನ. ಮೈಸೂರಿನ ವಿಳಾಸಕ್ಕೆ ತರಿಸಿಕೊಂಡು ಮತ್ತೆ ಮೇ 2ರ ರಾತ್ರಿ 10ರೊಳಗೆ ಅಲ್ಲಿಗೆ ಮುಟ್ಟಿಸುವುದು ಆಗದ ಮಾತು. ಪ್ರಾಕ್ಸಿ ಎಂದರೆ ತಮ್ಮ ಪರವಾಗಿ ಮತ ಹಾಕಲು ನಂಬಿಕೆಯ ಒಬ್ಬರನ್ನು ನೇಮಿಸುವುದು. ಅದಕ್ಕೆ 24ರ ಸಂಜೆ 5ರವರೆಗೆ ಅವಕಾಶವಿದೆ, ಆನ್‌ಲೈನಿನಲ್ಲಿಯೇ ಅರ್ಜಿ ಹಾಕಬಹುದು. ಅಲ್ಲಿ ಕೆಲಸ ಮಾಡುವವರಿಗೆ ಕೊಡುವ ರಾಷ್ಟ್ರೀಯ ವಿಮಾ ಸಂಖ್ಯೆ ಮತ್ತು ಜನ್ಮದಿನಾಂಕ ಕೇಳುತ್ತಾರೆ. ಸಹಿಯ ಚಿತ್ರವನ್ನೂ ಸೇರಿಸಬೇಕು, ಆದ್ದರಿಂದ ಬಿಳಿ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಸಹಿ ಹಾಕಿ ಫೋಟೋ ತೆಗೆದಿಟ್ಟುಕೊಳ್ಳಲಿ.

ಪ್ರಾಕ್ಸಿಯಾಗುವವರು ಕೂಡ ಅಲ್ಲಿ ಮತದ ಹಕ್ಕಿರುವವರೇ ಆಗಿರಬೇಕು. ಅವರು ನಿಮ್ಮ ಮಗಳ ಹೆಸರಿರುವ ಮತಗಟ್ಟೆಗೇ ಹೋಗಬೇಕು, ತೋರಿಸುವುದು ತಮ್ಮ ಸ್ವಂತ ಗುರುತಿನ ದಾಖಲೆ. ಕಳೆದ ವರ್ಷದ ಅಕ್ಟೋಬರ್ ಕೊನೆಯಿಂದ ಬಂದ ನಿಯಮದಂತೆ, ದೇಶದೊಳಗಿನ ಮತದಾರರ ಪೈಕಿ ಇಬ್ಬರಿಗಿಂತ ಹೆಚ್ಚು ಜನರಿಗೆ ಒಬ್ಬರು ಪ್ರಾಕ್ಸಿಯಾಗುವಂತಿಲ್ಲ. ಗೆಳತಿಯೊಬ್ಬರು ಈಗಾಗಲೇ ಬೇರೆ ಇಬ್ಬರಿಗೆ ಒಪ್ಪಿಕೊಂಡಿದ್ದರೆ ಬೇರೆಯವರನ್ನು ಕೇಳಬೇಕಾಗುತ್ತದೆ. ಎರಡು ಮತಪತ್ರಗಳಿರುವುದರಿಂದ ಕೌನ್ಸಿಲ್‌ಗೆ ಯಾರಿಗೆ, ಪೊಲೀಸ್ ಕಮಿಷನರ್‌ಗೆ ಯಾರಿಗೆ ಎಂದು ಪ್ರತ್ಯೇಕವಾಗಿ ಹೇಳಿ ಬರಲಿ. ಅರ್ಜಿಯಲ್ಲಿ ಏನಾದರೂ ಕೊರತೆಯಿದ್ದರೆ ಕೌನ್ಸಿಲ್‌ನ ಚುನಾವಣಾ ವಿಭಾಗ ಪತ್ರ ಬರೆದು ಕೇಳುತ್ತದೆ, ಅದಕ್ಕೆ ಉತ್ತರಿಸಲು ಸಮಯ ಉಳಿಯಬೇಕು. ಆದ್ದರಿಂದ 24ರವರೆಗೆ ಕಾಯದೆ ಈ ವಾರಾಂತ್ಯದೊಳಗೇ ಅರ್ಜಿ ಸಲ್ಲಿಸಲು ಹೇಳಿ.